ಕೊಟ್ಟಿಗೆಗೆ ಕರೆಂಟು, ಮನೆಗೆ ಬಿಸಿಲು

ನಾನು ಮದುವೆಯಾಗಿ ಬಂದ ಮನೆಯ ಅಂಗಳದ ಅಂಚಿನಲ್ಲೇ ಒಂದು ಕರೆಂಟಿನ ಕಂಬ ಇತ್ತು. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಮರವಿಲ್ಲದ ಬೋಳು ದಿಣ್ಣೆಯ ಮೇಲಿನ ಮನೆ ಅದು. ಆ ಕಂಬದಿಂದ ಎಡಗಡೆಯ ಮನೆಗೆ ತಂತಿ ಹೋಗಿತ್ತು, ಬಲಗಡೆಯ ಮನೆಗೆ ಹೋಗಿತ್ತು, ರಸ್ತೆಯಾಚೆಯ ಅಕ್ಕಿ ಗಿರಣಿಗೂ ಹೋಗಿತ್ತು. ನಮ್ಮ ಮನೆಗೆ ಮಾತ್ರ ಹೋಗಿರಲಿಲ್ಲ. ನಮಗೆ ಆ ಕಂಬದಿಂದ ಇದ್ದ ಉಪಯೋಗ ಒಂದೇ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿದ್ದೆವು.

ಇದಕ್ಕೆ ಕಾರಣ ನಮ್ಮ ಅತ್ತೆ. ಅವರ ಮೊದಲಿನ ಊರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತ್ತು. ಕರೆಂಟಿಗೆಂದು ಕಟ್ಟಿದ ಅಣೆಕಟ್ಟೆಯ ನೀರು ಏರುವ ಹೊತ್ತಿಗೆ ಅತ್ತೆ, ಮಾವ, ಮಕ್ಕಳು, ಎಮ್ಮೆ ಎಲ್ಲರೂ ಲಾರಿ ಹತ್ತಿ ಈ ದಿಣ್ಣೆಗೆ ಬಂದು ಇಳಿದರು. ಮಾವ ಮಣ್ಣಿನ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ, ಕೆಲವು ವರ್ಷ ಬದುಕಿ ತೀರಿಕೊಂಡರು. ಊರಿಗೆ ಮೊದಲ ಸಲ ಕರೆಂಟು ಬಂದ ದಿನ ಅತ್ತೆ ಹೊಸಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಿದರಂತೆ. "ನನ್ನ ಒಂದು ಮಾತು ಕೇಳ್ದೆ ನನ್ನ ಮನೆ ಮುಳುಗಿಸ್ತಲ್ಲ, ಆ ಕರೆಂಟು ನನ್ನ ಹೊಸಿಲು ದಾಟೂದು ಬ್ಯಾಡ."

ಅಷ್ಟೇ. ಮಾವ ಇದ್ದಾಗಲೂ ದಾಟಲಿಲ್ಲ, ಹೋದ ಮೇಲೂ ದಾಟಲಿಲ್ಲ.

ನಮ್ಮ ಯಜಮಾನರಿಗೆ ಹಿನ್ನೀರಿನ ಲಾಂಚಿನಲ್ಲಿ ಟಿಕೆಟ್ ಕೊಡುವ ಕೆಲಸ. ತಾನು ಹುಟ್ಟಿದ ಮನೆಯ ಮೇಲೆಯೇ ದಿನಕ್ಕೆ ನಾಲ್ಕು ಸಲ ಆಚೆ ಈಚೆ ಓಡಾಡುತ್ತಿದ್ದರು. ಅದರ ಬಗ್ಗೆ ಅವರಿಗೆ ವಿಶೇಷ ಬೇಸರವೇನೂ ಇದ್ದಂತಿರಲಿಲ್ಲ. ಕರೆಂಟಿನ ವಿಷಯ ಎತ್ತಿದರೆ ಮಾತ್ರ, "ಅಮ್ಮನತ್ರ ನೀನೇ ಮಾತಾಡು," ಎಂದು ಹೆಗಲಿಗೆ ಚೀಲ ಹಾಕಿಕೊಂಡು ಲಾಂಚಿಗೆ ಹೊರಡುತ್ತಿದ್ದರು.

ನಾನೋ ತೀರ್ಥಹಳ್ಳಿ ಕಡೆಯವಳು. ಸ್ವಿಚ್ಚು ಒತ್ತಿದರೆ ಬೆಳಕಾಗುವ ಮನೆಯಲ್ಲಿ ಬೆಳೆದವಳು, ಮೇಲಿಂದ ಶಾಲೆಯ ಮೇಷ್ಟರಗಿತ್ತಿ, ಮೇಲಿಂದ ಮೂಗಿನ ತುದಿಯಲ್ಲೇ ಸಿಟ್ಟು. ಬಂದ ಮೊದಲ ವರ್ಷ ಮೂರು ಲಾಟೀನಿನ ಬುರುಡೆ ಒಡೆದೆ. ಎರಡು ಕೈ ತಪ್ಪಿ, ಒಂದು ಬೇಕೆಂದೇ. ಅತ್ತೆ ಒಂದು ಮಾತೂ ಅನ್ನದೆ ನಾಲ್ಕನೆಯದನ್ನು ತಂದಿಟ್ಟರು. ಅವರ ಜೊತೆ ಜಗಳ ಆಡುವುದೂ ಆ ಕಂಬದ ಜೊತೆ ಜಗಳ ಆಡುವುದೂ ಒಂದೇ ಎಂದು ಆಗ ತಿಳಿಯಿತು. ಹತ್ತು ವರ್ಷ ಹಾಗೇ ಹೊಂದಿಕೊಂಡೆ.

ಹೊಂದಿಕೆ ತಪ್ಪಿದ್ದು ನನ್ನ ನಾದಿನಿಗೆ ಮದುವೆ ಗೊತ್ತಾದಾಗ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವಳು ಅತ್ತೆಯ ಕೊನೆಯ ಮಗಳು, ಮುಳುಗಡೆಯ ಲಾರಿ ಹತ್ತುವಾಗ ಹೊಟ್ಟೆಯಲ್ಲಿದ್ದವಳು. ನಮ್ಮಲ್ಲಿ ಮದುವೆ ಎಂದರೆ ಮನೆಯೊಳಗಿನ ಗೋಡೆಗೆ ಹಸೆ ಬರೆಯಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಒಂದೊಂದು ಗೆರೆಯೂ ನೂಲಿನಷ್ಟು ಸಣ್ಣ, ಒಂದಕ್ಕೊಂದು ತಾಗಬಾರದು. ಆ ಚಿತ್ತಾರದ ಎದುರೇ ಮದುಮಕ್ಕಳನ್ನು ಕೂರಿಸುವುದು. ಅತ್ತೆಯ ಕೈಯ ಗೆರೆ ಎಂದರೆ ಮೂರು ಹೋಬಳಿಗೆ ಹೆಸರು. ಆದರೆ ಅವರು ತಮ್ಮ ಮನೆಯ ಗೋಡೆಗೆ ಹಸೆ ಬರೆದದ್ದು ಒಂದೇ ಒಂದು ಸಲ. ಹಳೆಯ ಊರಿನಲ್ಲಿ, ದೊಡ್ಡ ಮಗಳ ಮದುವೆಗೆ. ಮರು ಮಳೆಗಾಲಕ್ಕೆ ಆ ಗೋಡೆ ಹಸೆಯ ಸಮೇತ ನೀರಿನೊಳಗೆ ಹೋಯಿತು. ಅದಾದ ಮೇಲೆ ನಮ್ಮ ಮದುವೆ ಬಂದರೂ ಅವರು ಕುಂಚ ಹಿಡಿಯಲಿಲ್ಲ. ನೆರೆಯವರಿಂದ ಬರೆಸಿದರು. ಈಗ ಕೊನೆಯ ಮಗಳಿಗೆ ತಾನೇ ಬರೆಯುತ್ತೇನೆ ಎಂದರು.

ಬರೆಯಲು ಕಣ್ಣು ಬೇಕು. ಅತ್ತೆಯ ಕಣ್ಣಿಗೆ ಅಷ್ಟರಲ್ಲಿ ಮಂಜು ಕವಿಯಲು ಶುರುವಾಗಿತ್ತು. ನಮ್ಮ ಹಸೆಗೋಡೆಯೋ ನಡುಮನೆಯಲ್ಲಿ, ಮೂರೂ ಕಡೆ ಕೋಣೆಗಳ ನಡುವೆ. ಗಾಜಿನ ಹೆಂಚು ಹಾಕೋಣ ಎಂದರೆ ಮೇಲೆ ಅಟ್ಟ. ನಡು ಹಗಲಲ್ಲೂ ಅಲ್ಲಿ ಉಪ್ಪಿನ ಮರಿಗೆ ಹುಡುಕಲು ಕೈಯಾಡಿಸಬೇಕಿತ್ತು. ಲಾಟೀನು ಹಿಡಿದು ಒಂದು ಮೂಲೆ ಬರೆದು ನೋಡಿದರು. ಮೂರನೆಯ ದಿನಕ್ಕೆ ಬಿಳಿ ಗೆರೆ ಹೊಗೆ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತು. ಅತ್ತೆ ಗೋಡೆ ಮುಟ್ಟಿ, ಬೆರಳು ನೋಡಿಕೊಂಡು, ಒಳಗೆ ಹೋಗಿ ಮಲಗಿಬಿಟ್ಟರು. ಅವರು ಹಗಲು ಮಲಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನನಗೆ ಅವರ ಮೇಲಿದ್ದ ಹತ್ತು ವರ್ಷದ ಸಿಟ್ಟೆಲ್ಲ ಇಳಿದುಹೋಯಿತು.

ನನ್ನ ತಮ್ಮ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ರೈಲ್ವೆ ಸಿಗ್ನಲ್ಲಿಗೆಂದು ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ಅಲ್ಲಿ ಮಾಡುತ್ತಾರೆ ಎಂದು ಹೇಳುತ್ತಿದ್ದ. ಅವನಿಗೆ ಕಾಗದ ಬರೆದೆ. ಚೌಕಟ್ಟು ಸೊಟ್ಟಗಾಗಿ ವಾಪಸು ಬಂದಿದ್ದ ಒಂದು ಹಲಗೆಯನ್ನು ಹೇಗೋ ಕೇಳಿ ಕೊಂಡು, ಗೋಣಿ ಸುತ್ತಿ, ಬಸ್ಸಿನ ಮೇಲೆ ಹಾಕಿ ಕಳಿಸಿದ. ಬಸ್ಸು ನಿಲ್ಲಿಸಿ ಕಂಡಕ್ಟರು, "ಅಕ್ಕೋರೆ, ನಿಮ್ಮ ಶಾಲೆದು ಬೋರ್ಡ್ ಬಂದದೆ," ಎಂದು ಕೂಗಿದ.

ಅತ್ತೆಗೆ ಮೊದಲೇ ಹೇಳಿರಲಿಲ್ಲ. ಜಗಲಿಯ ಮೇಲೆ ಗೋಣಿ ಬಿಚ್ಚಿ, ಧೈರ್ಯ ಮಾಡಿ ಹೇಳಿದೆ.

"ಅತ್ತೆ, ಇದೂ ಕರೆಂಟೇ. ಆದ್ರೆ ಲಿಂಗನಮಕ್ಕಿದಲ್ಲ. ಬಿಸಿಲಿಂದು."

ಅವರು ಹಲಗೆಯ ಹತ್ತಿರ ಕೂತು ಮೂಗು ತಾಗುವಷ್ಟು ಬಗ್ಗಿ ನೋಡಿದರು. ಕಪ್ಪು ನೀಲಿ ಬಿಲ್ಲೆಗಳು, ಅವುಗಳ ಮೇಲೆ ನೂಲಿನಂಥ ಬೆಳ್ಳಿ ಗೆರೆಗಳು, ಒಂದಕ್ಕೊಂದು ತಾಗದ ಹಾಗೆ. ಬೆರಳಿನಿಂದ ಗೆರೆ ಎಣಿಸಿದರು.

"ಇದು ಯಾರು ಬರ್ದಿದ್ದು?"

"ಮಿಷನ್ನು, ಅತ್ತೆ."

"ಕೈ ಚಲೋ ಅದೆ," ಎಂದರು. "ಇದಕ್ಕೆ ಯಾರ ಮನೆ ಮುಳುಗ್ತು?"

"ಯಾರದ್ದೂ ಇಲ್ಲ."

"ಹಂಗಾರೆ ಅಡ್ಡಿಲ್ಲ."

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅವರು, "ಕಾಗ್ದ ಎಲ್ಲಿ?" ಎಂದರು.

ಇಲ್ಲಿ ಅತ್ತೆಯ ಟ್ರಂಕಿನ ವಿಷಯ ಹೇಳಬೇಕು. ಮುಳುಗಡೆಯ ಕಾಲದಲ್ಲಿ ಅವರು ಉಳುತ್ತಿದ್ದುದು ಗೇಣಿ ಗದ್ದೆ. ಮೂರು ತಲೆಮಾರಿನಿಂದ ಉಳುತ್ತಿದ್ದರೂ ಒಂದು ಚೀಟಿ ಇರಲಿಲ್ಲ. ಪರಿಹಾರ ಬೇಕಾದರೆ ಕಾಗದ ತೋರಿಸಿ ಎಂದಾಗ ಮಾವ ನೇಗಿಲು ಹಿಡಿದು ಕೈಯಲ್ಲಿ ಎದ್ದಿದ್ದ ದಡ್ಡು ತೋರಿಸಿದರಂತೆ. ದಡ್ಡನ್ನು ಯಾರು ಕಡತಕ್ಕೆ ಸೇರಿಸುತ್ತಾರೆ? ಅಂದಿನಿಂದ ಅತ್ತೆ ಕಾಗದ ಎಂಬ ಯಾವ ವಸ್ತುವನ್ನೂ ಎಸೆದವರಲ್ಲ. ಅವರ ತಗಡಿನ ಟ್ರಂಕಿನಲ್ಲಿ ಮತದಾನದ ಚೀಟಿಗಳಿದ್ದವು, ಸತ್ತುಹೋದ ನಾಯಿಗೆ ಚುಚ್ಚಿಸಿದ ಸೂಜಿಯ ಚೀಟಿ ಇತ್ತು, ಒಮ್ಮೆ ಇಕ್ಕೇರಿಗೆ ಹೋಗಿ ಬಂದ ಬಸ್ಸಿನ ಟಿಕೆಟ್ಟೂ ಇತ್ತು. ಇನ್ನೊಂದು ಸಲ ಯಾರಾದರೂ ಬಂದು ಕಾಗದ ಕೇಳಿದರೆ ತೋರಿಸಲು ಏನಾದರೂ ಇರಬೇಕು ಎಂಬುದು ಅವರ ಲೆಕ್ಕ. ಹೀಗಾಗಿ ಹೆಂಚಿನ ಮಾಡಿನ ಮೇಲೆ ಹಲಗೆ ಏರಬೇಕಾದರೆ ಸೀಲು ಹೊಡೆದ ಅಪ್ಪಣೆ ಬೇಕೇ ಬೇಕು ಎಂದರು.

"ಬಿಸಿಲಿಗೆ ಯಾರ ಅಪ್ಪಣೆ, ಅತ್ತೆ?"

"ನೀರಿಗೂ ನಾವು ಹಂಗೇ ಅಂದ್ಕಂಡಿದ್ವು," ಎಂದರು.

ಮದುವೆಗೆ ಎರಡು ತಿಂಗಳಿತ್ತು. ಹಸೆ ಬರೆಯಲು ಹದಿನೈದು ದಿನವಾದರೂ ಬೇಕು. ಅಂದರೆ ಒಂದೂವರೆ ತಿಂಗಳೊಳಗೆ ಅಪ್ಪಣೆ ತರಬೇಕು. ಇದೇನು ಮಹಾ ಕೆಲಸ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಮೊದಲು ಹೋದದ್ದು ಮಂಡಲ ಪಂಚಾಯತಿಗೆ. ಅದು ಆಗಷ್ಟೇ ಹುಟ್ಟಿತ್ತು, ಬೆಂಚಿನ ಬಣ್ಣ ಇನ್ನೂ ಸೀರೆಗೆ ಅಂಟುತ್ತಿತ್ತು. ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಅರ್ಜಿ ಓದಿ, ಮಾಡಿನ ಮೇಲೆ ಏನೇನು ಇಡಬಹುದು ಎಂದು ಪುಸ್ತಕ ತೆಗೆದು ನೋಡಿದರು.

"ಹೆಂಚು ಇಡಬಹುದು, ಹುಲ್ಲು ಇಡಬಹುದು ಅಕ್ಕೋರೆ. ಕುಂಬಳಕಾಯಿ ಬಗ್ಗೆ ಪುಸ್ತಕ ಎಂತದೂ ಹೇಳಿಲ್ಲ, ಆದ್ರೂ ಎಲ್ರೂ ಇಡ್ತಾರೆ. ಇದು ಕುಂಬಳಕಾಯಿ ಜಾತಿಗೆ ಬರ್ತದಾ ಹೇಳಿ?"

"ಕರೆಂಟು ಜಾತಿ ಸಾರ್."

"ಹಂಗಾದ್ರೆ ನಮ್ದಲ್ಲ," ಎಂದು ಹಗುರಾದರು. "ಕರೆಂಟಿನ ಆಫೀಸು."

ಕರೆಂಟಿನ ಆಫೀಸಿಗೆ ನಾವು ಹೋದ ದಿನ ಅಲ್ಲಿ ಕರೆಂಟಿರಲಿಲ್ಲ. ಗುಮಾಸ್ತರು ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು, ಕಡತಗಳು ಹಾರದಂತೆ ಸುಟ್ಟ ಫ್ಯೂಸುಗಳನ್ನು ಇಟ್ಟುಕೊಂಡು ಕೂತಿದ್ದರು. ನನ್ನ ಅರ್ಜಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ಅಪರೂಪದ ಕಾಯಿಲೆಯವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ನಮ್ಮಲ್ಲಿ ಇರೋದು ನಾಲ್ಕು ಫಾರಂ ಅಕ್ಕೋರೆ. ಹೊಸ ಕನೆಕ್ಷನ್ ಕೊಡಿ ಅನ್ನೋದು, ಕನೆಕ್ಷನ್ ಕಿತ್ತು ಹಾಕಿ ಅನ್ನೋದು, ಲೋಡು ಜಾಸ್ತಿ ಮಾಡಿ ಅನ್ನೋದು, ಹೆಸರು ಬದಲಾಯಿಸಿ ಅನ್ನೋದು. ನಮಗೆ ನಿಮ್ಮ ಕರೆಂಟು ಬ್ಯಾಡ ಅನ್ನೋ ಫಾರಂ ಇಲ್ಲ."

"ನಿಮಗೆ ಆಕ್ಷೇಪಣೆ ಇಲ್ಲ ಅಂತ ಒಂದು ಸಾಲು ಬರೆದು ಸೀಲು ಹಾಕಿ ಕೊಡಿ. ಸಾಕು."

"ನಿಮ್ಮ ಆರ್.ಆರ್. ನಂಬರು?"

ಆರ್.ಆರ್. ನಂಬರು ಎಂದರೆ ಮೀಟರಿಗೆ ಕೊಡುವ ನಂಬರು. ಅದಿದ್ದರೇನೇ ಆಫೀಸಿನ ಮಟ್ಟಿಗೆ ಮನೆ ಎಂಬುದು ಇದೆ ಎಂದರ್ಥ. ನಮಗೆ ಮೀಟರಿಲ್ಲ ಎಂದೆ.

"ಹಾಗಾದ್ರೆ ನೀವು ಗ್ರಾಹಕರೇ ಅಲ್ಲ. ಗ್ರಾಹಕರಲ್ಲದೋರ ಮೇಲೆ ನಮಗೆ ಆಕ್ಷೇಪಣೆ ಇದೆ ಅನ್ನೋಕೂ ಬರಲ್ಲ, ಇಲ್ಲ ಅನ್ನೋಕೂ ಬರಲ್ಲ. ಮೊದಲು ಕರೆಂಟು ತಗೊಳ್ಳಿ. ಆಮೇಲೆ ಬ್ಯಾಡ ಅನ್ನಿ. ಕ್ರಮ ಇರೋದು ಹಾಗೆ."

ಸಿಟ್ಟು ನೆತ್ತಿಗೇರಿ ಒಂದು ಫ್ಯೂಸನ್ನು ಕೈಗೆ ತೆಗೆದುಕೊಂಡಿದ್ದೆ. ನಮ್ಮ ಯಜಮಾನರು ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿ, ಇದ್ದ ಜಾಗದಲ್ಲೇ ಇಟ್ಟು, ನನ್ನನ್ನು ಹೊರಗೆ ಕರೆದುಕೊಂಡು ಬಂದರು.

ಅತ್ತೆಯ ಎದುರು ಗುಮಾಸ್ತರ ಮಾತನ್ನು ಹೇಳುವಾಗ ಕತೆ ಮುಗಿಯಿತು ಎಂದೇ ಅಂದುಕೊಂಡಿದ್ದೆ. ಅಪ್ಪಣೆ ಬೇಕಾದರೆ ಕರೆಂಟು ಹೊಸಿಲು ದಾಟಬೇಕು, ಕರೆಂಟು ಹೊಸಿಲು ದಾಟಿದರೆ ಆಣೆ ಮುರಿಯಿತು. ಅತ್ತೆ ಎಮ್ಮೆಗೆ ಅಕ್ಕಚ್ಚು ಕಲಸುತ್ತಿದ್ದರು. ಕಲಸುತ್ತಲೇ ಕೇಳಿಸಿಕೊಂಡರು.

"ಮೀಟ್ರು ಮನಿಗೇ ಆಗಕಾ? ಕೊಟ್ಟಿಗಿಗೆ ಆಗ್ತದಾ ಕೇಳಿ ಬಂದ್ಯಾ?"

"ಕೊಟ್ಟಿಗೆಗಾ?"

"ಆಣೆ ಹಾಕಿದ್ದು ನಾನು. ಎಮ್ಮೆ ಎಂತಕೆ ಕತ್ತಲಲ್ಲಿ ಇರಕು?"

ಕೊಟ್ಟಿಗೆ ಮನೆಗೆ ಸೇರಿಕೊಂಡಿರಲಿಲ್ಲ, ಅಂಗಳದಾಚೆ ಬೇರೆಯೇ ಇತ್ತು. ಅದಕ್ಕೆ ಹೊಸಿಲೂ ಇರಲಿಲ್ಲ, ಅಡ್ಡಕ್ಕೆ ಹಾಕುವ ಬಿದಿರಿನ ಗಳ ಮಾತ್ರ. ಮರುದಿನವೇ ಹೊಸ ಕನೆಕ್ಷನ್ನಿನ ಫಾರಂ ತಂದೆ. 'ಯಾವ ಉಪಯೋಗಕ್ಕೆ' ಎಂಬಲ್ಲಿ 'ಎಮ್ಮೆಗೆ' ಎಂದು ಬರೆದೆ. ಗುಮಾಸ್ತರು ಅದನ್ನು ಹೊಡೆದು 'ಗೃಹ' ಎಂದು ಬರೆದರು. ವೈರಿಂಗ್ ಮಾಡುವವನು ಬಂದ, ಅವನು ಮಾಡಿದ್ದು ಸರಿಯಿದೆ ಎಂದು ಬರೆದುಕೊಡುವವನು ಬಂದ, ಲೈನ್‌ಮನ್ ಬಂದು ಬಟ್ಟೆ ಹಗ್ಗ ಬಿಚ್ಚಿಸಿ ಕಂಬ ಹತ್ತಿದ. ಇಷ್ಟಕ್ಕೆ ಒಂದು ತಿಂಗಳು ಹೋಯಿತು. ಕೊನೆಗೊಂದು ಸಂಜೆ ಕೊಟ್ಟಿಗೆಯಲ್ಲಿ ಅರವತ್ತು ಕ್ಯಾಂಡಲಿನ ಬಲ್ಬು ಹೊತ್ತಿತು. ಎಮ್ಮೆ ಅದನ್ನೊಮ್ಮೆ ನೋಡಿ, ನಿಧಾನಕ್ಕೆ ತಿರುಗಿ, ಬೆನ್ನು ಹಾಕಿ ನಿಂತಿತು. ಆಮೇಲೆ ಯಾವತ್ತೂ ಅದು ಆ ಕಡೆ ಮುಖ ಮಾಡಿದ್ದನ್ನು ನಾನು ಕಾಣೆ.

ಮನೆಯವರು ಮಾತ್ರ ಹಾಗೆ ಬೆನ್ನು ಹಾಕಲಿಲ್ಲ. ಮೊದಲ ದಿನ ನಾದಿನಿ ರವಿಕೆಗೆ ಗುಂಡಿ ಹಾಕುವ ನೆವದಲ್ಲಿ ಕೊಟ್ಟಿಗೆಗೆ ಹೋದಳು. ಎರಡನೆಯ ದಿನ ಯಜಮಾನರು ಪೇಪರು ಹಿಡಿದು ಹೋದರು. ಮೂರನೆಯ ದಿನ ನಾನೂ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಹೊತ್ತು ಹೋದೆ. ಬಾಣಂತನಕ್ಕೆ ಬಂದ ಪಕ್ಕದ ಮನೆಯ ಮಗಳು ಮಾತಾಡಿಸಲು ಬಂದರೆ ಮನೆಯಲ್ಲಿ ಯಾರೂ ಇಲ್ಲ. ಎಲ್ಲರೂ ಎಮ್ಮೆಯ ಜೊತೆ. ಆ ವರ್ಷ ನಾನು ತಿದ್ದಿದ ಏಳನೆಯ ತರಗತಿಯ ಉತ್ತರಪತ್ರಿಕೆಗಳನ್ನು ಮೂಸಿ ನೋಡಿ ನಮ್ಮ ಹೆಡ್‌ಮಾಸ್ಟರು, "ಮಕ್ಕಳು ಬರೆದದ್ದು ಅಷ್ಟು ಕೆಟ್ಟದಾಗೇನೂ ಇಲ್ಲವಲ್ಲ," ಎಂದರು. ಅತ್ತೆ ಒಬ್ಬರೇ ಕೊಟ್ಟಿಗೆಯಲ್ಲಿ ಕೂರುತ್ತಿರಲಿಲ್ಲ. ಹಾಲು ಕರೆಯುವಾಗಲೂ ಬಲ್ಬು ಆರಿಸಿಯೇ ಕರೆಯುತ್ತಿದ್ದರು.

ಆರ್.ಆರ್. ನಂಬರು ಬಂತು. ಅದನ್ನು ಹಿಡಿದು ಮತ್ತೆ ಅದೇ ಅರ್ಜಿ ಕೊಟ್ಟೆ. ಈ ಸಲ ಅದು ಗುಮಾಸ್ತರ ಮೇಜು ದಾಟಿ ಒಳಗೆ ಹೋಯಿತು. ಸ್ಥಳ ಪರಿಶೀಲನೆಗೆ ಸೆಕ್ಷನ್ ಆಫೀಸರು ಬರುತ್ತಾರೆ ಎಂದು ಉತ್ತರ ಬಂತು. ಅವರು ಬಂದ ದಿನ ಮದುವೆಗೆ ಹದಿನೆಂಟು ದಿನವಿತ್ತು.

ಬಂದವನು ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ ಇಂಜಿನಿಯರು. ಕನ್ನಡಕ, ಹೊಸ ಬೈಕು, ಕೈಯಲ್ಲಿ ಅಳತೆಯ ಟೇಪು. ಹಲಗೆಯನ್ನು ಪುಸ್ತಕದಲ್ಲಿ ನೋಡಿದ್ದನಂತೆ, ಕಣ್ಣಾರೆ ನೋಡಿದ್ದು ಅಂದೇ ಮೊದಲು. ಖುಷಿಯಲ್ಲಿ ಅದರ ಸುತ್ತ ಮೂರು ಸುತ್ತು ಬಂದ. ಆಮೇಲೆ ಕರ್ತವ್ಯದ ನೆನಪಾಗಿ ಮನೆಗೂ ಕೊಟ್ಟಿಗೆಗೂ ನಡುವಿನ ಅಂತರ ಅಳೆದ. ಹದಿನಾಲ್ಕು ಅಡಿ.

"ನಿಮ್ಮ ಕರೆಂಟು ಹಿಂದಿನಿಂದ ನಮ್ಮ ಲೈನಿಗೆ ಬರಬಾರದು ನೋಡಿ ಅಮ್ಮ. ಅದಕ್ಕೆ ಅಳೀತಿದೀನಿ."

"ಬಂದ್ರೆ ಬರ್ಲಿ ತಮ್ಮ," ಎಂದರು ಅತ್ತೆ. "ಅಷ್ಟೆಲ್ಲ ತಗಂಡೀರಿ. ಇದೊಂದು ಸೊಲ್ಪ ಬ್ಯಾಡ ಅಂತೀರಾ?"

ಹುಡುಗ ನಕ್ಕ. ಅತ್ತೆ ನಗಲಿಲ್ಲ. ಒಳಗಿನಿಂದ ಮಜ್ಜಿಗೆ ತಂದು ಕೊಟ್ಟರು. ಅವನು ಮಜ್ಜಿಗೆ ಕುಡಿದು, ನನ್ನ ಕಡೆ ತಿರುಗಿ, ದನಿ ತಗ್ಗಿಸಿದ.

"ಅಕ್ಕೋರೆ, ಒಂದು ಮಾತು. ನಾನು ಸಾಗರದ ದೊಡ್ಡ ಆಫೀಸಿಗೂ ಹೋಗಿ ವಿಚಾರಿಸ್ದೆ. ಇದಕ್ಕೆ ಯಾರ ಅಪ್ಪಣೆನೂ ಬೇಕಾಗಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ."

"ಏನು?"

"ನೀವು ಸುಮ್ನೆ ಮಾಡಿನ ಮೇಲೆ ಇಟ್ಕೊಂಡಿದ್ರೆ ಯಾರೂ ಕೇಳ್ತಿರಲಿಲ್ಲ. ಆದ್ರೆ ನೀವು ಕೇಳಿಬಿಟ್ರಲ್ಲ. ಕೇಳಿದ ಮೇಲೆ ನಾವು ಏನಾದ್ರೂ ಹೇಳಲೇಬೇಕಲ್ಲ."

ನಾನು ಆಗ ಕೂಗಿದ್ದು ಅಕ್ಕಿ ಗಿರಣಿಯವರೆಗೂ ಕೇಳಿಸಿತಂತೆ. ಪಂಚಾಯತಿಗೆ ನಾಲ್ಕು ಸಲ, ಆಫೀಸಿಗೆ ಒಂಬತ್ತು ಸಲ, ಎಮ್ಮೆಯ ಬೆನ್ನ ಹಿಂದೆ ಕೂತು ತಿದ್ದಿದ ನೂರಿಪ್ಪತ್ತು ಉತ್ತರಪತ್ರಿಕೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹುಡುಗ ಮಜ್ಜಿಗೆ ಲೋಟವನ್ನು ಎದೆಗೆ ಅಡ್ಡ ಹಿಡಿದುಕೊಂಡು ನಿಂತಿದ್ದ. ನಾನು ಉಸಿರಿಗೆ ನಿಲ್ಲಿಸಿದಾಗ ಅತ್ತೆ ಅವನನ್ನು ಕೇಳಿದರು.

"ಈಗ ಕಾಗ್ದದಲ್ಲಿ ಎಂತ ಬರೀತೆ ತಮ್ಮ?"

"ಬಿಸಿಲಿಂದ ದೀಪ ಹಚ್ಚೋದಕ್ಕೆ ನಮ್ಮ ಆಕ್ಷೇಪಣೆ ಇಲ್ಲ ಅಂತ ಬರೀತೀನಿ ಅಮ್ಮ."

"ನಂಗೆ ಒಂದು ದೀಪ ಹಚ್ಚಕೆ ನಿಮ್ಮ ಆಕ್ಷೇಪಣೆ ಇಲ್ಲ ಅಂತ ಕಾಗ್ದ ಬೇಕು." ಅತ್ತೆ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡರು. "ನೀವು ನನ್ನ ಮನೆ ಮುಳುಗಿಸೂ ಮುಂಚೆ ನಂದು ಆಕ್ಷೇಪಣೆ ಅದೆಯಾ ಇಲ್ವಾ ಅಂತ ಒಂದು ಕಾಗ್ದ ಕೇಳಿದ್ರಾ?"

ಹುಡುಗ ಟೇಪನ್ನು ಸುತ್ತತೊಡಗಿದ.

"ನಾನು ಆಗ ಹುಟ್ಟಿರಲಿಲ್ಲ ಅಮ್ಮ," ಎಂದ.

"ನನ್ನ ಮಗ್ಳೂ ಹುಟ್ಟಿರ್ಲಿಲ್ಲ. ಅವಳೂ ಮನೆ ಕಳಕಂಡ್ಲು."

ಅವನು ಅಂದು ಮಾಡಿದ ಕೆಲಸವನ್ನು ನಾನು ಈ ಹೊತ್ತಿಗೂ ಮರೆತಿಲ್ಲ. ಕಡತದಿಂದ ಒಂದು ಬಿಳಿ ಹಾಳೆ ತೆಗೆದು, ಜಗಲಿಯ ಕಟ್ಟೆಯ ಮೇಲಿಟ್ಟುಕೊಂಡು ಬರೆದ. 'ಕರೆಂಟಿನ ಸಲುವಾಗಿ ತಮ್ಮ ಮನೆಯನ್ನು ಮುಳುಗಿಸಿದ್ದಕ್ಕೆ ತಮ್ಮ ಆಕ್ಷೇಪಣೆ ಇದೆಯೇ ಎಂದು ತಿಳಿಸಬೇಕಾಗಿ ಕೋರುತ್ತೇನೆ.' ಕೆಳಗೆ ತನ್ನ ಸಹಿ ಹಾಕಿ ಎರಡೂ ಕೈಯಿಂದ ಅತ್ತೆಗೆ ಕೊಟ್ಟ. ತಮಾಷೆಗೆ ಬರೆದನೋ, ನಾಚಿಕೆಯಿಂದ ಬರೆದನೋ, ನಾನು ಕೇಳಲಿಲ್ಲ. ಎರಡೂ ಇತ್ತು ಅನಿಸುತ್ತದೆ.

ಅತ್ತೆ ನನ್ನಿಂದ ಅದನ್ನು ಓದಿಸಿ ಕೇಳಿದರು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನೋಡ್ತೆ. ನಾಳೆ ಬಾ."

ಮರುದಿನ ಅವನು ನಿಜವಾಗಿಯೂ ಬಂದ. ನಮ್ಮ ಅಪ್ಪಣೆ ಕಾಗದವನ್ನು ಸೀಲು ಹಾಕಿಸಿಕೊಂಡು ಬಂದಿದ್ದ. ಅತ್ತೆ ಅದನ್ನು ತೆಗೆದುಕೊಂಡು, ಸೀಲಿನ ಮೇಲೆ ಬೆರಳಾಡಿಸಿ, ಟ್ರಂಕಿಗೆ ಹಾಕಿ ಹೊರಗೆ ಬಂದರು.

"ನಿನ್ನ ಅರ್ಜಿ ಆಗ್ಲಿಲ್ಲ ತಮ್ಮ. ಅದಕ್ಕೆ ಮನೆ ನಕ್ಷೆ ಸೇರಿಸಿಲ್ಲ. ನಕ್ಷೆ ಇಲ್ದೆ ಯಾವ ಮನೆ ಅಂತ ನಾ ಹೆಂಗೆ ತಿಳಿಯದು?"

ಕೊಟ್ಟಿಗೆಯ ಫಾರಂಗೆ ನಕ್ಷೆ ಇಲ್ಲವೆಂದು ಗುಮಾಸ್ತರು ನನ್ನನ್ನು ಎರಡು ಸಲ ವಾಪಸು ಕಳಿಸಿದ್ದರು. ಅದನ್ನು ನಾನು ಮನೆಯಲ್ಲಿ ಬೈದುಕೊಂಡು ಹೇಳಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ನನಗೆ ನಗು ತಡೆಯಲಾಗದೆ ಒಳಗೆ ಓಡಿದೆ. ಆದರೆ ಹುಡುಗ ನಗದೆ ಕಟ್ಟೆಯ ಮೇಲೆ ಕೂತು, ಪೆನ್ಸಿಲ್ ತೆಗೆದ.

"ಹೇಳಿ ಅಮ್ಮ. ಬಾಗಿಲು ಯಾವ ದಿಕ್ಕಿಗಿತ್ತು?"

ಅತ್ತೆ ಹೇಳುತ್ತಾ ಹೋದರು. ಬಾಗಿಲು ಮೂಡಕ್ಕೆ. ಎಡಕ್ಕೆ ಭತ್ತದ ಪಣತ. ಅಂಗಳದ ತುದಿಗೆ ಹಲಸಿನ ಮರ, ಅದರ ಬುಡದಲ್ಲಿ ಬಚ್ಚಲಿನ ನೀರು ಹರಿಯುವ ಕಣಿ. ಮೆಟ್ಟಿಲು ನಾಲ್ಕು, ಮೂರನೆಯದು ಸ್ವಲ್ಪ ಅಲ್ಲಾಡುತ್ತಿತ್ತು. ಹುಡುಗ ಅದನ್ನೂ ಗುರುತು ಮಾಡಿದ. ಲಾಂಚಿನಿಂದ ಆಗ ತಾನೇ ಬಂದ ಯಜಮಾನರು ಚೀಲವನ್ನೂ ಇಳಿಸದೆ ಬಗ್ಗಿ ನೋಡುತ್ತಾ ನಿಂತರು. "ಬಾವಿ ಇನ್ನೂ ಸೊಲ್ಪ ಈಚಿಗೆ," ಎಂದು ತಿದ್ದಿದರು. ಅಲ್ಲಿಯವರೆಗೆ ಆ ಮನೆಯ ಬಗ್ಗೆ ಅವರ ಬಾಯಿಂದ ಒಂದು ಶಬ್ದವನ್ನೂ ನಾನು ಕೇಳಿರಲಿಲ್ಲ. ನಾನು ಅವರ ಮುಖ ನೋಡಿದೆ. ಇಷ್ಟು ವರ್ಷ ಅವರಿಗೆ ಬೇಸರವಿಲ್ಲ ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ನನಗೇ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸಿತು.

"ಹಸೆಗೋಡೆ ಯಾವುದು ಅಮ್ಮ?" ಎಂದ ಹುಡುಗ.

ಅತ್ತೆ ಬೆರಳಿಟ್ಟು ತೋರಿಸಿದರು. "ಇದು. ಬರ್ದು ವರ್ಷ ಆಗಿರ್ಲಿಲ್ಲ."

ಆ ಮನೆಯ ಚಿತ್ರ ಎಂದು ಜಗತ್ತಿನಲ್ಲಿ ಇರುವುದು ಅದೊಂದೇ. ಅತ್ತೆ ಅದನ್ನು ಟ್ರಂಕಿನಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟರು. "ಈಗ ಅರ್ಜಿ ಸರಿ ಆಯ್ತು. ವಿಚಾರ ಮಾಡಿ ಹೇಳ್ತೆ," ಎಂದರು.

ಆ ಮಧ್ಯಾಹ್ನವೇ ಹಲಗೆ ಮಾಡು ಏರಿತು. ಹಳೆಯ ಬಸ್ಸಿನ ಬ್ಯಾಟರಿಯೊಂದು ಅಟ್ಟದ ಕೆಳಗೆ ಕೂತಿತು. ಎರಡು ದಿನ ಬಿಸಿಲು ಕುಡಿಸಿದ ಮೇಲೆ ನಡುಮನೆಯಲ್ಲಿ ಮೊಳದುದ್ದದ ಟ್ಯೂಬು ಹೊತ್ತಿತು. ಇಪ್ಪತ್ತೈದು ವರ್ಷ ಯಾರೂ ನೋಡದಿದ್ದ ಜೇಡರ ಬಲೆಗಳೆಲ್ಲ ಒಂದೇ ಸಲ ಕಂಡವು. ಅತ್ತೆಗೆ ನಾಚಿಕೆಯಾಗಿ ಮೊದಲು ಪೊರಕೆ ತಂದರು, ಆಮೇಲೆ ಕುಂಚ. ಹದಿನಾಲ್ಕು ದಿನ ಬರೆದರು. ನಾದಿನಿ ಅರಿಶಿನ ಹಚ್ಚಿಕೊಂಡು ಆ ಗೋಡೆಯೆದುರು ಕೂತಾಗ ಅತ್ತೆ ಗೋಡೆಯನ್ನೂ ಮಗಳನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಊಟಕ್ಕೆ ಬಂದ ಹುಡುಗ ಇಂಜಿನಿಯರು, "ಅಮ್ಮ, ನನ್ನ ಅರ್ಜಿ?" ಎಂದ. "ಮೇಜಿನ ಮೇಲೆ ಅದೆ," ಎಂದರು ಅತ್ತೆ. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲಕ್ಕೆ ಬಿಸಿಲಿನ ಹಲಗೆ ಹಾಕಿದ ಜಾಣರು ನಾವೇ ಮೊದಲಿರಬೇಕು. ಸೂರ್ಯ ಮೂರು ವಾರ ಮುಖ ತೋರಿಸಲಿಲ್ಲ. ಟ್ಯೂಬು ಮೊದಲು ಒಂದು ಗಂಟೆ ಉರಿಯಿತು, ಆಮೇಲೆ ಹತ್ತು ನಿಮಿಷ, ಆಮೇಲೆ ಮಿಣುಕಿ ಮಿಣುಕಿ ಸುಮ್ಮನಾಯಿತು. ಎಲ್ಲರೂ ತಲೆಯ ಮೇಲೆ ಗೊರಬು ಹಾಕಿಕೊಂಡು ಮತ್ತೆ ಎಮ್ಮೆಯ ಹತ್ತಿರ ಹೋಗಿ ಕೂರತೊಡಗಿದೆವು. ನಾನು ಒಳಗೆ ಲಾಟೀನು ಹಚ್ಚಲು ಹೋದರೆ ಅತ್ತೆ ತಡೆದರು. ಹಸೆಗೆ ಹೊಗೆ ತಾಗುತ್ತದೆ ಎಂದರು. ಕತ್ತಲಲ್ಲಿ ಆ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ನನ್ನನ್ನು ಕರೆದರು.

"ಆ ಹುಡ್ಗನ ಅರ್ಜಿ ತೆಗಿ. ಬರ್ಕ."

ನಾನು ಬಾಗಿಲ ಬೆಳಕಿಗೆ ಹಾಳೆ ಹಿಡಿದು ಕೂತೆ. ಅವರು ಹೇಳಿದ್ದನ್ನೇ ಬರೆದೆ. 'ನಿಮ್ಮ ಅರ್ಜಿ ನೋಡಿದೆ. ಮನೆ ಮುಳುಗಿಸಿದ್ದಕ್ಕೆ ನನ್ನ ಆಕ್ಷೇಪಣೆ ಇದೆ. ಅದು ಇರುತ್ತದೆ. ಕರೆಂಟು ನನ್ನ ಮನೆಯೊಳಗೆ ಬರುವುದಕ್ಕೆ ಆಕ್ಷೇಪಣೆ ಇಲ್ಲ. ಇನ್ನು ಮುಂದೆ ಯಾರ ಮನೆ ಮುಳುಗಿಸುವುದಾದರೂ ಮೊದಲು ಕೇಳಬೇಕು.'

"ವಿಳಾಸ ಯಾವ್ದು ಬರೀಲಿ ಅತ್ತೆ?"

"ಮುಳುಗಿದ ಊರಿಂದೇ ಬರಿ. ಅವನು ಕೇಳಿದ್ದು ಆ ಮನೆ ಬಗ್ಗೆ ಅಲ್ದಾ?"

ಬರೆದೆ. ಅಕ್ಷರ ಕಾಣದಿದ್ದರೂ ಕೈಯ ಅಂದಾಜಿನಲ್ಲೇ ಅವರು ತಮ್ಮ ಹೆಸರು ಬರೆದರು. ಹಸೆಯ ಗೆರೆಯ ಹಾಗೆ ಒಂದಕ್ಕೊಂದು ತಾಗದ ಅಕ್ಷರ.

"ಎಂತಕೆ ಅತ್ತೆ, ಈಗ?" ಎಂದು ಕೇಳದೆ ಇರಲಾಗಲಿಲ್ಲ.

"ಅವನು ಕೇಳ್ದ ಅಲ್ದಾ," ಎಂದರು.

ಕರೆಂಟಿನ ಆಫೀಸಿಗೆ ನನ್ನ ಹತ್ತೋ ಹನ್ನೊಂದೋ ಸಲದ ಭೇಟಿ ಅದು. ಗುಮಾಸ್ತರು ಕಾಗದ ನೋಡಿ, ಇದು ಯಾವ ಕಡತಕ್ಕೆ ಸೇರಬೇಕು ಎಂದು ತಲೆ ಕೆರೆದುಕೊಂಡರು. ಹುಡುಗ ಇಂಜಿನಿಯರು ಒಳಗಿನಿಂದ ಬಂದು ಅದನ್ನು ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದ. ಆಮೇಲೆ ಬಂದ ಕಾಗದಗಳ ಪುಸ್ತಕ ತರಿಸಿ, ತಾನೇ ನಂಬರು ಹಾಕಿ, ಸೀಲು ಒತ್ತಿ, ತಲುಪಿದೆ ಎಂದು ಚೀಟಿ ಬರೆದುಕೊಟ್ಟ.

ಮೂರು ದಿನಕ್ಕೆ ಲೈನ್‌ಮನ್ ಕಂಬಳಿಕೊಪ್ಪೆ ಹಾಕಿಕೊಂಡು, ಕೊಟ್ಟಿಗೆಯಿಂದ ಮನೆಗೆ ತಂತಿ ಎಳೆಯಲು ಬಂದ. ಅತ್ತ ಹದಿನಾಲ್ಕು ಅಡಿ ತಂತಿ ಸುರುಳಿ ಬಿಚ್ಚುತ್ತಿದ್ದರೆ, ಇತ್ತ ಅತ್ತೆ ಒಂದು ಮಣೆ ತಂದು ಹೊಸಿಲ ಮೇಲೆ ಹಾಕಿಕೊಂಡು ಕೂತರು.

"ಅಮ್ಮ, ಸೊಲ್ಪ ಸರೀರಿ. ತಂತಿ ಒಳಗೆ ತಗಳ್ಳಕು."

"ನನ್ನ ಅಪ್ಪಣೆ ಕಾಗ್ದದ ನಕಲು ತಂದ್ಯಾ?"

"ಇಲ್ಲ ಅಮ್ಮ, ಅದು ಆಫೀಸಲ್ಲಿ ಅದೆ."

"ತಗಂಬಾ."

ನಾನು ತಲೆ ಚಚ್ಚಿಕೊಂಡೆ. ಲೈನ್‌ಮನ್ ನನ್ನ ಮುಖ ನೋಡಿದ, ಯಜಮಾನರ ಮುಖ ನೋಡಿದ. ಯಜಮಾನರು ಆಕಾಶ ನೋಡುತ್ತಿದ್ದರು. ಕೊನೆಗೆ ಸೈಕಲ್ ಹತ್ತಿ ಆ ಮಳೆಯಲ್ಲೇ ಹೋದ. ಅತ್ತೆ ಎಲೆಯಡಿಕೆಯ ಕವಳ ಹಾಕಿಕೊಂಡು, ರಸ್ತೆ ನೋಡುತ್ತಾ, ಏನೂ ಅವಸರವಿಲ್ಲದವರ ಹಾಗೆ ಕೂತಿದ್ದರು. ಒಂದು ಗಂಟೆಯ ಮೇಲೆ ಅವನು ಅಂಗಿಯೊಳಗೆ ಪ್ಲಾಸ್ಟಿಕ್ಕು ಸುತ್ತಿಟ್ಟುಕೊಂಡು ನಕಲು ತಂದ. ಅತ್ತೆ ಅದನ್ನು ಬಿಡಿಸಿ, ಸೀಲು ಎಲ್ಲಿದೆ ಎಂದು ಬೆರಳಿನಿಂದ ಹುಡುಕಿ, ಅದರ ಕೆಳಗೆ ತಮ್ಮ ಹೆಸರು ಇರುವ ಜಾಗವನ್ನು ನನ್ನಿಂದ ಓದಿಸಿದರು. ಆಮೇಲೆ ಎದ್ದು, ಮಣೆ ಎತ್ತಿಕೊಂಡು, ದಾರಿ ಬಿಟ್ಟು ನಿಂತರು.